ಆರ್ಕೆಸ್ಟ್ರಾ ಹಿನ್ನೆಲೆ ಸಂಗೀತದ ಥೀಮ್ ವಿಶ್ಲೇಷಣೆ: ಪಟ್ಟಿ ಬೆಳೆಯುತ್ತಲೇ ಇದೆ, ಗೆರೆ ಎಲ್ಲಿ ಎಳೆಯಬೇಕು?

ತಾರಸ್ಥಾಯಿ (ಪ್ರಶ್ನೆ)

ಎರಡೂಕಾಲು ಗಂಟೆಯ ಒಂದು ಸಾಹಸ ಚಿತ್ರದ ಆರ್ಕೆಸ್ಟ್ರಾ ಹಿನ್ನೆಲೆ ಸಂಗೀತವನ್ನು ಥೀಮ್‌ವಾರು ಬಿಡಿಸಿ ಬರೆಯುತ್ತಿದ್ದೇನೆ. ಕೈಯಲ್ಲಿರುವುದು ಚಿತ್ರದ ಡಿಸ್ಕ್ (5.1 ಧ್ವನಿ) ಮತ್ತು ಸೌಂಡ್‌ಟ್ರ್ಯಾಕ್ ಆಲ್ಬಮ್. ಮುದ್ರಿತ ಸ್ಕೋರ್ ಇಲ್ಲ. ಸ್ಟಾಫ್ ನೊಟೇಶನ್ ಬರುತ್ತದೆ, ಸರಳ ಕಾರ್ಡ್‌ಗಳನ್ನು ಕಿವಿಯಲ್ಲೇ ಹಿಡಿಯಬಲ್ಲೆ. ಸಿಕ್ಕಿಕೊಂಡಿರುವುದು ಇಲ್ಲಿ:

ಒಂದು, ಯಾವುದನ್ನು ಥೀಮ್ ಅನ್ನಬೇಕು? ಪಟ್ಟಿ ಈಗಲೇ ನಲವತ್ತರ ಹತ್ತಿರ ಬಂದಿದೆ, ಅರ್ಧಕ್ಕರ್ಧ ಮೂರು-ನಾಲ್ಕು ಸ್ವರದ ತುಣುಕುಗಳು. ಅದೇ ರಾಗ ನಿಧಾನವಾಗಿ, ಮೈನರ್‌ನಲ್ಲಿ, ಬೇರೆ ವಾದ್ಯದಲ್ಲಿ ಬಂದರೆ ಅದು ಹೊಸ ನಮೂದೋ, ಹಳೆಯದರ ರೂಪಾಂತರವೋ?

ಎರಡು, ಮಾತಿನ ಕೆಳಗೆ ಸೆಲ್ಲೊ, ಬಾಸ್, ಟ್ರೊಂಬೋನ್ ನುಡಿಯುವ ಕಡೆ ಏನೂ ಸ್ಪಷ್ಟವಿಲ್ಲ.

ಮೂರು, ಆಲ್ಬಮ್‌ನಲ್ಲಿ ಇರುವ ಶ್ರುತಿಗೂ ಡಿಸ್ಕ್‌ನ ಶ್ರುತಿಗೂ ಹೆಚ್ಚುಕಡಿಮೆ ಮುಕ್ಕಾಲು ಸೆಮಿಟೋನ್ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರ) ವ್ಯತ್ಯಾಸವಿದೆ. ಕೀ (ಆಧಾರಸ್ವರ) ಯಾವುದೆಂದು ಬರೆಯುವುದು?

ಕ್ಯೂಶೀಟ್

ಮೂರನೆಯದರಿಂದ ಶುರು ಮಾಡೋಣ, ಅದು ಇತ್ಯರ್ಥವಾಗದೆ ಮಿಕ್ಕ ಎರಡಕ್ಕೂ ನೆಲೆ ಇಲ್ಲ.

ನಿಮ್ಮದು ಪ್ಯಾಲ್ (ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊ ಪದ್ಧತಿ) ಡಿಸ್ಕ್ ಇರಬೇಕು. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದ ಚಿತ್ರವನ್ನು 25 ಫ್ರೇಮ್‌ನಲ್ಲಿ ಓಡಿಸಿದಾಗ ವೇಗ ಶೇ. 4.17 ಹೆಚ್ಚುತ್ತದೆ, ಶ್ರುತಿ ಸುಮಾರು 71 ಸೆಂಟ್ (ಸೆಮಿಟೋನಿನ ನೂರನೇ ಒಂದು ಪಾಲು ಒಂದು ಸೆಂಟ್) ಏರುತ್ತದೆ, ಅಂದರೆ ನೀವು ಹೇಳಿದ ಮುಕ್ಕಾಲು ಸೆಮಿಟೋನೇ. ಪರೀಕ್ಷೆ ಸುಲಭ: ಆಲ್ಬಮ್‌ನಲ್ಲಿ 2 ನಿಮಿಷ 5 ಸೆಕೆಂಡ್ ಇರುವ ತುಣುಕು ಡಿಸ್ಕ್‌ನಲ್ಲಿ ಸರಿಯಾಗಿ 2 ನಿಮಿಷಕ್ಕೆ ಮುಗಿಯಬೇಕು. ಹಾಗಾದರೆ ಇಡೀ ಧ್ವನಿಯನ್ನು 0.96 ಪಟ್ಟು ವೇಗಕ್ಕೆ ಇಳಿಸಿ. ಶ್ರುತಿಯೂ ವೇಗವೂ ಒಟ್ಟಿಗೆ ಇಳಿಯುವ ಆಯ್ಕೆಯನ್ನೇ ಆರಿಸಬೇಕು, ಶ್ರುತಿ ಉಳಿಸಿ ವೇಗ ಮಾತ್ರ ಬದಲಿಸುವುದನ್ನಲ್ಲ. ಕೆಲವು ಡಿಸ್ಕ್‌ಗಳಲ್ಲಿ ಶ್ರುತಿಯನ್ನು ಮೊದಲೇ ಸರಿಪಡಿಸಿರುತ್ತಾರೆ. ಅಲ್ಲಿ ಅವಧಿ ಮಾತ್ರ ಕಮ್ಮಿ ಇರುತ್ತದೆ, ಸ್ವರಸ್ಥಾನ ಸರಿ ಇರುತ್ತದೆ. ಆದ್ದರಿಂದ ಅವಧಿ, ಶ್ರುತಿ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ತಿದ್ದಿದ ಮೇಲೂ ಏಳೆಂಟು ಸೆಂಟ್ ವ್ಯತ್ಯಾಸ ಉಳಿದರೆ ತಲೆಕೆಡಿಸಿಕೊಳ್ಳಬೇಡಿ. 440ರ ಬದಲು 442 ಹರ್ಟ್ಜ್‌ಗೆ ಶ್ರುತಿ ಮಾಡಿಕೊಂಡ ವಾದ್ಯವೃಂದದಲ್ಲೂ ಅಷ್ಟೇ ವ್ಯತ್ಯಾಸ ಕಾಣುತ್ತದೆ.

ಕೀ ಬರೆಯುವುದು ತಿದ್ದಿದ ಧ್ವನಿಯಿಂದ, ಟೈಮ್‌ಕೋಡ್ ಬರೆಯುವುದು ನಿಮ್ಮ ಡಿಸ್ಕ್ ತೋರಿಸುವಂತೆ. ಯಾವ ಡಿಸ್ಕ್, ಎಷ್ಟು ಫ್ರೇಮ್‌ನದು ಎಂದು ಮೊದಲ ಪುಟದಲ್ಲೇ ಹೇಳಿಬಿಡಿ. 24 ಮತ್ತು 23.976 ಫ್ರೇಮ್‌ಗಳ ನಡುವಿನ ವ್ಯತ್ಯಾಸ ಕಿವಿಗೆ ಗೊತ್ತಾಗದು (ಎರಡು ಸೆಂಟ್‌ಗೂ ಕಮ್ಮಿ), ಆದರೆ ಎರಡೂಕಾಲು ಗಂಟೆಯ ಕೊನೆಗೆ ಟೈಮ್‌ಕೋಡ್ 8 ಸೆಕೆಂಡ್ ಸರಿದಿರುತ್ತದೆ.

ಇನ್ನೊಂದು ಮುಖ್ಯ ಮಾತು. ಆಲ್ಬಮ್ಮನ್ನು ಚಿತ್ರದ ದಾಖಲೆ ಎಂದು ಎಣಿಸಬೇಡಿ. ಆಲ್ಬಮ್‌ನಲ್ಲಿ ಎರಡು ಮೂರು ಕ್ಯೂಗಳನ್ನು (ಚಿತ್ರದಲ್ಲಿ ಶುರುವಾಗಿ ನಿಲ್ಲುವ ಸಂಗೀತ ತುಣುಕುಗಳನ್ನು) ಬೆಸೆದು ಒಂದು ಟ್ರ್ಯಾಕ್ ಮಾಡಿರುತ್ತಾರೆ, ಕ್ರಮ ಬದಲಿಸಿರುತ್ತಾರೆ, ಚಿತ್ರದಲ್ಲೇ ಇಲ್ಲದ ಕಛೇರಿ ರೂಪವನ್ನೂ ಸೇರಿಸಿರುತ್ತಾರೆ. ಥೀಮಿನ ಪೂರ್ಣ ಆಕಾರ ತಿಳಿಯಲು ಆಲ್ಬಮ್ ಬೇಕು. ಅದು ಯಾವ ದೃಶ್ಯದಲ್ಲಿ ಎಷ್ಟು ನುಡಿಯಿತು ಎಂಬುದಕ್ಕೆ ಚಿತ್ರವೊಂದೇ ಸಾಕ್ಷಿ.

ಚಿತ್ರದ ಸಾಕ್ಷಿಯಲ್ಲೂ ಒಂದು ಮೋಸವಿದೆ. ಒಂದು ದೃಶ್ಯಕ್ಕೆ ಬರೆದ ಸಂಗೀತವನ್ನು ಸಂಕಲನದ ಹಂತದಲ್ಲಿ ಇನ್ನೊಂದು ದೃಶ್ಯಕ್ಕೆ ಎತ್ತಿ ಹಾಕುವುದು ಈ ಉದ್ಯಮದಲ್ಲಿ ಮಾಮೂಲು. ಅಲ್ಲಿ 'ಸಂಯೋಜಕರು ಈ ಥೀಮನ್ನು ಇಲ್ಲಿ ಮರಳಿ ತಂದಿದ್ದಾರೆ' ಎಂದು ಬರೆದರೆ ಮಾಡದ ಕೆಲಸವನ್ನು ಅವರ ತಲೆಗೆ ಕಟ್ಟಿದಂತೆ. ಗುರುತುಗಳು: ಪದಗುಚ್ಛ ಮುಗಿಯುವ ಮುನ್ನವೇ ಕೀ ಹಾರುವುದು, ಅನುರಣನದ ಬಾಲ ತುಂಡಾಗಿರುವುದು, ದೃಶ್ಯದ ಯಾವ ಕಟ್‌ಗೂ ಸಂಗೀತದ ಒತ್ತು ತಾಳೆಯಾಗದಿರುವುದು. ಖಚಿತ ಮಾಡಿಕೊಳ್ಳಲು ಎರಡೂ ಕಡೆಯ ಧ್ವನಿಯನ್ನು ಒಂದರ ಕೆಳಗೊಂದು ಇಟ್ಟು, ಅಲೆಗಳನ್ನು ಸ್ಯಾಂಪಲ್ ಮಟ್ಟದಲ್ಲಿ ಕೂಡಿಸಿ, ಮಟ್ಟ ಸಮ ಮಾಡಿ, ಒಂದನ್ನು ತಲೆಕೆಳಗು ಮಾಡಿ (ಆಡಾಸಿಟಿ ಎಂಬ ಧ್ವನಿ ಸಂಕಲನ ತಂತ್ರಾಂಶದಲ್ಲಿ 'ಇನ್ವರ್ಟ್'). ಒಂದೇ ರೆಕಾರ್ಡಿಂಗ್ ಆಗಿದ್ದರೆ ಸಂಗೀತ ಥಟ್ಟನೆ ಕುಗ್ಗಿ, ಮಾತು ಮತ್ತು ಸದ್ದುಗಳು ಉಳಿಯುತ್ತವೆ. ಸಂಕುಚಿತ ಧ್ವನಿಯಲ್ಲಿ ಪೂರ್ತಿ ಅಳಿಸುವುದಿಲ್ಲ, ಆದರೂ ವ್ಯತ್ಯಾಸ ಸ್ಪಷ್ಟ. ಹೊಸದಾಗಿ ನುಡಿಸಿದ್ದಾದರೆ ಕುಗ್ಗುವುದೇ ಇಲ್ಲ.

ಕ್ಯೂ ಸಂಖ್ಯೆಗಳ ಬಗ್ಗೆ: ಹಾಲಿವುಡ್ ಪದ್ಧತಿಯಲ್ಲಿ 4ಎಂ3 ಅಂದರೆ ನಾಲ್ಕನೇ ರೀಲಿನ ಮೂರನೇ ಸಂಗೀತ ತುಣುಕು. 2000 ಅಡಿಯ 35 ಮಿ.ಮೀ. ರೀಲು ಹೆಚ್ಚೆಂದರೆ 22 ನಿಮಿಷ ಓಡುತ್ತದೆ. ಅಧಿಕೃತ ಪಟ್ಟಿ ಕೈಯಲ್ಲಿಲ್ಲದಿದ್ದರೆ ಆ ಸಂಖ್ಯೆಗಳನ್ನು ಊಹಿಸಿ ಹಾಕಬೇಡಿ. ಸಂಗೀತ ಶುರುವಾಗಿ ನಿಲ್ಲುವ ಪ್ರತಿ ತುಣುಕಿಗೂ ನಿಮ್ಮದೇ 01, 02, 03 ಕೊಡಿ.

ಮಂದ್ರಪಂಚಮ

ಎರಡನೇ ಪ್ರಶ್ನೆಗೆ. 5.1 ಇರುವುದು ದೊಡ್ಡ ಅನುಕೂಲ. ಮಾತು ಬಹುಪಾಲು ಸೆಂಟರ್ ಚಾನೆಲ್‌ನಲ್ಲಿ ಇರುತ್ತದೆ, ಆರ್ಕೆಸ್ಟ್ರಾ ಎಡ-ಬಲ ಮುಂಬದಿಯಲ್ಲಿ ಹರಡಿರುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದ ಮೂಲಕ ಆರು ಚಾನೆಲ್ ಬಿಡಿಬಿಡಿಯಾಗಿ ತೆಗೆದರೆ ಕ್ರಮ ಸಾಮಾನ್ಯವಾಗಿ ಎಡ, ಬಲ, ಸೆಂಟರ್, ಎಲ್‌ಎಫ್‌ಇ (ತಳದ ಗುಡುಗಿನ ಚಾನೆಲ್), ಹಿಂದಿನ ಎಡ, ಹಿಂದಿನ ಬಲ. ಮೂರನೆಯದನ್ನು ಮುಚ್ಚಿ ಮೊದಲೆರಡನ್ನು ಕೇಳಿ. ಸ್ಟೀರಿಯೊಗೆ ಇಳಿಸಿದ ಮೇಲೆ ಈ ಕೆಲಸ ಆಗದು, ಸೆಂಟರ್ ಎರಡೂ ಬದಿಗೆ ಬೆರೆತುಬಿಟ್ಟಿರುತ್ತದೆ. ಆಗ 'ವೋಕಲ್ ರಿಮೂವ್' ಹಾಕಿದರೆ ಮಾತಿನ ಜೊತೆಗೆ ನಡುವಿನಲ್ಲಿ ಕೂತ ಸೋಲೊ ವಾದ್ಯವೂ ಹೊರಟುಹೋಗುತ್ತದೆ. ನಿಮಗೆ ಬೇಕಾಗಿದ್ದುದು ಅದೇ ಆಗಿರುತ್ತದೆ.

ಕೆಳಸ್ಥಾಯಿಗೆ ಬರೋಣ. ಸೋನಿಕ್ ವಿಷುಅಲೈಸರ್‌ನಂಥ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಕ್ಷಣ ಯಾವ ಆವರ್ತನ ಎಂದು ತೋರಿಸುವ ಚಿತ್ರ) ನೋಡುವಾಗ ಹೆಚ್ಚಿನವರು ಎಡವುವುದು ವಿಂಡೋ ಅಳತೆಯಲ್ಲಿ, ಅಂದರೆ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ಅಳೆಯಬೇಕು ಎಂಬಲ್ಲಿ. 'ಜಾಸ್' (1975) ಚಿತ್ರದ ಎರಡು ಸ್ವರದ ಮೋಟಿಫ್ (ಮರಳಿ ಬರುವ ಪುಟ್ಟ ಸ್ವರಗುಚ್ಛ) ಇ ಮತ್ತು ಎಫ್, ನಡುವೆ ಒಂದೇ ಸೆಮಿಟೋನ್. ಈ ಜೋಡಿಯನ್ನೇ ಡಬಲ್ ಬಾಸ್‌ನ ತಳದ ಸ್ಥಾಯಿಯಲ್ಲಿ ಲೆಕ್ಕ ಹಾಕಿ: ಇ 41.2 ಹರ್ಟ್ಜ್, ಎಫ್ 43.65. ಅಂತರ ಎರಡೂವರೆ ಹರ್ಟ್ಜ್ ಕೂಡ ಇಲ್ಲ. 44,100 ಸ್ಯಾಂಪಲ್ ದರದಲ್ಲಿ 8192ರ ವಿಂಡೋ ಇಟ್ಟರೆ ಒಂದೊಂದು ಆವರ್ತನ ಪಟ್ಟಿಯ ಅಗಲವೇ 5.4 ಹರ್ಟ್ಜ್, ಎರಡೂ ಸ್ವರ ಒಂದೇ ಪಟ್ಟಿಯಲ್ಲಿ ಬಿದ್ದು ಮುದ್ದೆಯಾಗುತ್ತವೆ. 32,768ಕ್ಕೆ ಏರಿಸಿದರೆ ಪಟ್ಟಿ 1.35 ಹರ್ಟ್ಜ್‌ಗೆ ಇಳಿಯುತ್ತದೆ, ಆದರೆ ವಿಂಡೋ ಮುಕ್ಕಾಲು ಸೆಕೆಂಡ್ ಉದ್ದವಾಗುವುದರಿಂದ ವೇಗದ ಸ್ವರಗಳು ಒಂದರ ಮೇಲೊಂದು ಚೆಲ್ಲುತ್ತವೆ.

ದಾರಿ ಏನೆಂದರೆ ಮೂಲಸ್ವರ ಬಿಟ್ಟು ನಾಲ್ಕನೇ ಹಾರ್ಮೋನಿಕ್ (ಮೂಲದ ನಾಲ್ಕು ಪಟ್ಟು ಆವರ್ತನದ ಉಪಸ್ವರ) ನೋಡುವುದು. ಅಲ್ಲಿ ಇವೇ ಸ್ವರಗಳು 164.8 ಮತ್ತು 174.6 ಹರ್ಟ್ಜ್‌ನಲ್ಲಿ, ಸುಮಾರು ಹತ್ತು ಹರ್ಟ್ಜ್ ದೂರದಲ್ಲಿ ಕಾಣುತ್ತವೆ. 8192 ಸಾಕು, ಕಾಲದ ಸ್ಪಷ್ಟತೆಯೂ 0.19 ಸೆಕೆಂಡ್‌ಗೆ ಉಳಿಯುತ್ತದೆ. ಕಿವಿಗೂ ಇದೇ ಉಪಾಯ: ತುಣುಕನ್ನು ಒಂದು ಆಕ್ಟೇವ್ ಮೇಲೆತ್ತಿ ಅರ್ಧ ವೇಗದಲ್ಲಿ ಕೇಳಿ, ಮಂದ್ರದ ಗೊಣಗು ಸ್ವರವಾಗಿ ತೆರೆದುಕೊಳ್ಳುತ್ತದೆ.

ಬರೆದುಕೊಂಡ ಸ್ವರ ಸರಿಯಿದ್ದರೂ ಸ್ಥಾಯಿ ತಪ್ಪಾಗುವುದು ಬಹಳ. ಹಾರ್ನ್‌ಗಳ ಕೆಳಗೆ ಸೆಲ್ಲೊ ಅದೇ ರಾಗವನ್ನು ಒಂದು ಆಕ್ಟೇವ್ ಕೆಳಗೆ ನುಡಿಸಿದಾಗ ಕಿವಿ ಎರಡನ್ನೂ ಬೆಸೆದು ಒಂದೇ ದಪ್ಪ ಹಾರ್ನ್ ಎಂದು ಕೇಳಿಸಿಕೊಳ್ಳುತ್ತದೆ. ಬಿಲ್ಲಿನ ಎಳೆತದ ಸಣ್ಣ ಕರಕರ 3 ಕಿಲೋಹರ್ಟ್ಜ್‌ನ ಮೇಲೆ ಸಿಗುತ್ತದೆ, ಹೈಪಾಸ್ ಫಿಲ್ಟರ್ (ಕೆಳಗಿನ ಆವರ್ತನಗಳನ್ನು ತೆಗೆಯುವ ಶೋಧಕ) ಹಾಕಿ ಆ ಪದರ ಮಾತ್ರ ಕೇಳಿ ನೋಡಿ.

ಮುಂದೆ ಮುದ್ರಿತ ಸ್ಕೋರ್ ಸಿಕ್ಕರೂ ವಾದ್ಯಗಳ ಸ್ಥಾನಪಲ್ಲಟ (ಬರೆದ ಸ್ವರವೊಂದು, ನುಡಿಯುವುದು ಇನ್ನೊಂದು) ನೆನಪಿರಲಿ. ಎಫ್ ಹಾರ್ನ್‌ಗೆ ಬರೆದದ್ದು ಒಂದು ಫಿಫ್ತ್‌ನಷ್ಟು (ಏಳು ಸೆಮಿಟೋನ್) ಕೆಳಗೆ ನುಡಿಯುತ್ತದೆ, ಡಬಲ್ ಬಾಸ್ ಒಂದು ಆಕ್ಟೇವ್ ಕೆಳಗೆ, ಪಿಕೊಲೊ ಒಂದು ಆಕ್ಟೇವ್ ಮೇಲೆ. ಚಿತ್ರಸಂಗೀತದ ಸ್ಕೋರ್‌ಗಳಲ್ಲಿ ಹಲವು ಹಾರ್ನನ್ನೂ ನುಡಿಯುವ ಸ್ವರದಲ್ಲೇ ಬರೆದಿರುತ್ತವೆ. ಮೊದಲ ಪುಟ ನೋಡದೆ ಸ್ವರ ಎತ್ತಿಕೊಂಡರೆ ಕಾರ್ಡ್ ಪೂರ್ತಿ ಹಳಿ ತಪ್ಪುತ್ತದೆ.

ಹಾರ್ನ್ ಸಾಲು

ಮೊದಲ ಪ್ರಶ್ನೆಯೇ ಇಡೀ ಕೆಲಸದ ಜೀವಾಳ. ನನ್ನ ನಿಲುವು ಇಷ್ಟು: ಥೀಮ್ ಅನ್ನುವುದು ರಾಗದ ಹೆಸರಲ್ಲ, ಮರುಕಳಿಕೆಯ ಹೆಸರು. ಬೇರೆಬೇರೆ ಎರಡು ದೃಶ್ಯಗಳಲ್ಲಾದರೂ ಬರಬೇಕು, ಸುತ್ತಲಿನ ಸಂಗೀತದಿಂದ ಎದ್ದು ಕೇಳಬೇಕು, ಬಂದಾಗಲೆಲ್ಲ ಯಾವುದೋ ಒಂದು ವಿಷಯ ಜೊತೆಗಿರಬೇಕು. ಮೂರರಲ್ಲಿ ಮೊದಲೆರಡು ಇಲ್ಲದಿದ್ದರೆ ಪಟ್ಟಿಯಿಂದ ತೆಗೆಯಿರಿ. ಮೂರನೆಯದು ಮಾತ್ರ ಇಲ್ಲದಿದ್ದರೆ 'ಸಂಬಂಧ ಗೊತ್ತಾಗದ ಮೋಟಿಫ್' ಎಂದು ಪ್ರತ್ಯೇಕ ಪುಟಕ್ಕೆ ಹಾಕಿ. ನಿಮ್ಮ ನಲವತ್ತು ಹನ್ನೆರಡು ಹದಿನೈದಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಭವ್ಯವಾಗಿ ಒಂದೇ ಸಲ ನುಡಿದು ಹೋಗುವ ರಾಗವೂ ಇರುತ್ತದೆ. ಅದು ಆ ದೃಶ್ಯದ ಸ್ವತಂತ್ರ ತುಣುಕು, ಥೀಮ್ ಅಲ್ಲ.

ಗುರುತು ರಾಗದಲ್ಲೇ ಇರಬೇಕೆಂದಿಲ್ಲ. ಹೋವರ್ಡ್ ಶೋರ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳ ಖಳ ಮಾಂತ್ರಿಕನ ಕೋಟೆ ಐಸೆನ್‌ಗಾರ್ಡ್‌ಗೆ ಕೊಟ್ಟ ಐದು ಬೀಟ್‌ನ ಲೋಹದ ಬಡಿತ ಮೇಲಿನ ಬ್ರಾಸ್ (ಹಿತ್ತಾಳೆ ವಾದ್ಯಗಳ) ರಾಗ ಬರುವ ಮುನ್ನವೇ ಜಾಗವನ್ನು ಸಾರಿಬಿಡುತ್ತದೆ. ಅಲ್ಲಿ 5/4 ಲಯವೇ ಗುರುತು. ಬರೀ ಸ್ವರ ಬರೆದುಕೊಳ್ಳುವವರು ಇದನ್ನು 'ಪಕ್ಕವಾದ್ಯ' ಎಂದು ಬಿಟ್ಟುಬಿಡುತ್ತಾರೆ.

ಈಗ ರೂಪಾಂತರ. ಪ್ರತಿ ಥೀಮಿಗೂ ಎರಡು ಸಾಲು ಬರೆಯಿರಿ: ಸ್ವರದಿಂದ ಸ್ವರಕ್ಕೆ ಎಷ್ಟು ಸೆಮಿಟೋನ್ ಜಿಗಿತ, ಮತ್ತು ಪ್ರತಿ ಸ್ವರ ಎಷ್ಟು ಬೀಟ್. 'ಸ್ಟಾರ್ ವಾರ್ಸ್' ಸರಣಿಯಲ್ಲಿ ಖಳ ಡಾರ್ತ್ ವೇಡರ್‌ಗೆ ಜಾನ್ ವಿಲಿಯಮ್ಸ್ ಬರೆದ ಇಂಪೀರಿಯಲ್ ಮಾರ್ಚ್‌ನ ತಲೆ ಜಿ ಜಿ ಜಿ, ಇ-ಫ್ಲಾಟ್ ಬಿ-ಫ್ಲಾಟ್ ಜಿ, ಇ-ಫ್ಲಾಟ್ ಬಿ-ಫ್ಲಾಟ್ ಜಿ. ಜಿಗಿತ: 0, 0, −4, +7, −3, −4, +7, −3. ಬೀಟ್: 1, 1, 1, ¾, ¼, 1, ¾, ¼, 2. ಒಟ್ಟು ಎಂಟು ಬೀಟ್, ಎರಡು ಬಾರ್ (ಇಲ್ಲಿ ನಾಲ್ಕು ಬೀಟಿನ ಒಂದು ಆವರ್ತ ಒಂದು ಬಾರ್). ಕೀ ಬದಲಾದರೂ ಮೊದಲ ಸಾಲು ಬದಲಾಗದು, ವೇಗ ಬದಲಾದರೂ ಎರಡನೇ ಸಾಲಿನ ಅನುಪಾತ ಬದಲಾಗದು. ಹೀಗೆ ಬೇರ್ಪಡಿಸಿಕೊಂಡರೆ ಸ್ವರ ಉಳಿದು ಲಯ ಕಳೆದುಹೋದದ್ದು ಎಲ್ಲಿ, ಲಯ ಉಳಿದು ಸ್ವರ ಬದಲಾದದ್ದು ಎಲ್ಲಿ ಎಂದು ತಾನಾಗಿ ಕಾಣುತ್ತದೆ.

ಮೇಜರ್‌ನಿಂದ ಮೈನರ್‌ಗೆ ಹೋದಾಗ ಮಾತ್ರ ಸೆಮಿಟೋನ್ ಸಾಲು ಮೋಸ ಮಾಡುತ್ತದೆ. 'ರಿಂಗ್ಸ್' ಚಿತ್ರಗಳಲ್ಲಿ ಹಾಬಿಟ್‌ಗಳ ಊರು ಶೈರ್‌ಗೆ ಶೋರ್ ಬರೆದ ರಾಗದ ತಲೆ ಸ ರಿ ಗ ಪ ಗ ರಿ ಸ: +2, +2, +3, −3, −2, −2. ಇದನ್ನೇ ಮೈನರ್‌ಗೆ ತಿರುಗಿಸಿದರೆ +2, +1, +4, −4, −1, −2 ಆಗುತ್ತದೆ. ಅಂಕಿಗಳನ್ನು ಮಾತ್ರ ನೋಡಿದವರು ಹೊಸ ಥೀಮ್ ಅನ್ನುತ್ತಾರೆ, ಸರಿಗಮದಲ್ಲಿ ಬರೆದವರಿಗೆ ಅಂತರ ಗಾಂಧಾರ ಸಾಧಾರಣ ಗಾಂಧಾರವಾಗಿದೆ ಅಷ್ಟೇ ಎಂದು ಕೂಡಲೇ ಗೊತ್ತಾಗುತ್ತದೆ. ಈ ಕೆಲಸಕ್ಕೆ ಸರಿಗಮ ನಿಜಕ್ಕೂ ಒಳ್ಳೆಯ ಸಾಧನ, ಸಂಕೋಚವಿಲ್ಲದೆ ಬಳಸಿ. ಹಾಗಾಗಿ ನಿಮ್ಮ ಮೈನರ್ ರೂಪ ಹೊಸ ನಮೂದಲ್ಲ. ಮೂಲಕ್ಕೆ 3 ಎಂದು ಸಂಖ್ಯೆ ಕೊಟ್ಟಿದ್ದರೆ ಇದು 3-ಆ.

ಕಾರ್ಡ್‌ಗಳನ್ನು ಬಿಟ್ಟು ರಾಗವನ್ನಷ್ಟೇ ಬರೆಯುವುದು ಅರ್ಧ ಕೆಲಸ. ಮಾರ್ಚ್ ಅಷ್ಟು ಭಯ ಹುಟ್ಟಿಸುವುದು ಬರೀ ರಾಗದಿಂದಲ್ಲ. ಜಿ ಮೈನರ್‌ನಲ್ಲಿ ಇ-ಫ್ಲಾಟ್ ಸ್ವರದ ಕೆಳಗೆ ಸಹಜವಾಗಿ ಇ-ಫ್ಲಾಟ್ ಮೇಜರ್ ಬರಬೇಕು, ಅದರೊಳಗೆ ಜಿ ಸ್ವರವೂ ಇರುತ್ತದೆ. ಇಲ್ಲಿ ಬರುವುದು ಇ-ಫ್ಲಾಟ್ ಮೈನರ್. ಜಿ ಹೋಗಿ ಜಿ-ಫ್ಲಾಟ್ ಬಂತು, ಅಂದರೆ ಕಾರ್ಡು ಆಧಾರಸ್ವರವನ್ನೇ ನುಂಗಿತು, ಮರುಕ್ಷಣ ರಾಗ ಮತ್ತೆ ಜಿಗೆ ಬಂದು ಕೂರುತ್ತದೆ. ಕಿವಿಗೆ ತಣ್ಣಗೆ ತಟ್ಟುವ ಆ ಭಾವದ ಮೂಲ ಈ ಒಂದು ಸೆಮಿಟೋನ್‌ನಲ್ಲಿದೆ. ಎರಡು ಮೈನರ್ ಕಾರ್ಡ್‌ಗಳು, ಮೂಲಗಳ ನಡುವೆ ನಾಲ್ಕು ಸೆಮಿಟೋನ್: ಈ ಜೋಡಿ ಇನ್ನೆಲ್ಲಾದರೂ ರಾಗವಿಲ್ಲದೆ ಬಂದರೂ ಗುರುತು ಹಾಕಿಕೊಳ್ಳಿ.

ಇದೇ ಥೀಮ್ ಸರಣಿಯ 1980ರ ಚಿತ್ರದಲ್ಲಿ ಹುಟ್ಟಿದ್ದು, 1977ರ 'ಸ್ಟಾರ್ ವಾರ್ಸ್'ನಲ್ಲಿ ಇಲ್ಲವೇ ಇಲ್ಲ. 1983ರ ಚಿತ್ರದಲ್ಲಿ ವೇಡರ್ ಸಾಯುವಾಗ ಅದರ ಚೂರುಗಳು ಮೆಲ್ಲಗೆ ಬಂದು ಕೊನೆಗೆ ಹಾರ್ಪ್‌ನಲ್ಲಿ ಬಿಡಿ ಸ್ವರಗಳಾಗಿ ಉಳಿಯುತ್ತವೆ. ಸ್ವರ ಅದೇ, ಹೋದದ್ದು ಮಾರ್ಚಿನ ಹೆಜ್ಜೆ ಮತ್ತು ಬ್ರಾಸ್. ಏನು ಹೋಯಿತು ಎಂದು ಹೇಳಿದಾಗಲೇ ವಿಶ್ಲೇಷಣೆ ಆಗುವುದು. 'ಥೀಮ್ ದುಃಖಮಯವಾಗಿ ಮರಳಿದೆ' ಎಂದಷ್ಟೇ ಬರೆದರೆ ಓದುವವರ ಕೈಗೆ ಏನೂ ಸಿಗದು.

ಕೊನೆಯದಾಗಿ, ಹೆಸರಿಡಲು ಅವಸರ ಬೇಡ. 1977ರ 'ಸ್ಟಾರ್ ವಾರ್ಸ್' ಆಲ್ಬಮ್ ಟಿಪ್ಪಣಿಯಲ್ಲಿ ನಾಯಕನ ಗುರು ಬೆನ್ ಕೆನೋಬಿಯ ಥೀಮ್ ಎನಿಸಿಕೊಂಡದ್ದನ್ನೇ ನಾವೀಗ ಫೋರ್ಸ್ ಥೀಮ್ ಅನ್ನುತ್ತೇವೆ. ಜೋಡಿ ಸೂರ್ಯರು ಮುಳುಗುವ ದೃಶ್ಯದಲ್ಲಿ ಅದು ಹಾರ್ನ್‌ನಲ್ಲಿ ಬರುವಾಗ ಬೆನ್ ಅಲ್ಲಿ ಇಲ್ಲವೇ ಇಲ್ಲ. ಅದೇ ಚಿತ್ರದಲ್ಲಿ ಕೆನೋಬಿ ಸತ್ತಾಗ ಉಕ್ಕುವುದು ರಾಜಕುಮಾರಿ ಲಿಯಾಳ ಥೀಮ್. ಥೀಮ್ ಅಂದರೆ ಪಾತ್ರದ ಹೆಸರಿನ ಚೀಟಿ ಎಂದುಕೊಂಡವರಿಗೆ ಈ ಜಾಗ ತಪ್ಪಾಗಿ ಕಾಣುತ್ತದೆ. ಭಾವದ ಅಳತೆಗೆ ತಕ್ಕ ವಿಸ್ತಾರವಾದ ರಾಗ ಬೇಕಾಗಿತ್ತು ಎಂದು ನೋಡಿದರೆ ಅರ್ಥವಾಗುತ್ತದೆ. ಜರ್ಮನ್ ಸಂಯೋಜಕ ವಾಗ್ನರ್‌ನ 'ರಿಂಗ್' ಸಂಗೀತನಾಟಕಗಳ ಥೀಮ್‌ಗಳಿಗೆ ಹಾನ್ಸ್ ಫಾನ್ ವೋಲ್ಟ್ಸೋಗೆನ್ 1876ರಲ್ಲಿ ಹೆಸರುಪಟ್ಟಿ ಕೊಟ್ಟಾಗಿನಿಂದಲೂ ಇದೇ ತೊಡಕು: ಹೆಸರು ಒಮ್ಮೆ ಅಂಟಿದರೆ ಕಿವಿ ಹೆಸರನ್ನೇ ಕೇಳುತ್ತದೆ. ಪೂರ್ತಿ ಪಟ್ಟಿ ಮುಗಿಯುವವರೆಗೂ ಸಂಖ್ಯೆ ಮಾತ್ರ ಇರಲಿ.

ಕ್ಯೂಶೀಟ್

ಹಾರ್ನ್ ಸಾಲು ಅವರ ಮಾತಿಗೆ ಒಂದು ಸೇರ್ಪಡೆ. ಮೊದಲ ಸುತ್ತನ್ನು ಪರದೆ ಆರಿಸಿ ಧ್ವನಿಯಿಂದಷ್ಟೇ ಮಾಡಿ. ಚಿತ್ರ ಕಣ್ಣೆದುರಿದ್ದರೆ ಖಳನ ಮುಖ ಕಂಡ ಕೂಡಲೇ ಖಳನ ಥೀಮ್ ಕೇಳಿಸಿಬಿಡುತ್ತದೆ.

ಮಂದ್ರಪಂಚಮ

ಇದನ್ನು ಪೂರ್ತಿ ಒಪ್ಪಲಾರೆ. ಚಿತ್ರಸಂಗೀತ ಕಟ್‌ಗೆ, ನೋಟಕ್ಕೆ, ಬಾಗಿಲು ತೆರೆಯುವುದಕ್ಕೆ ಅಳೆದು ಬರೆದದ್ದು. 24 ಫ್ರೇಮ್‌ನ ಚಿತ್ರದಲ್ಲಿ ನಿಮಿಷಕ್ಕೆ 120 ಬೀಟ್ ಅಂದರೆ ಬೀಟಿಗೆ 12 ಫ್ರೇಮ್. ಮಧ್ಯೆ ಒಂದೇ ಒಂದು 3/4 ಬಾರ್ ಬಂದಿದ್ದರೆ ಹತ್ತಕ್ಕೆ ಒಂಬತ್ತು ಪಾಲು ಕಾರಣ ದೃಶ್ಯದಲ್ಲಿರುತ್ತದೆ. ಕಣ್ಣು ಮುಚ್ಚಿ ಕೇಳುವವರು ಅದಕ್ಕೆ ಸಂಗೀತದೊಳಗೇ ಕಾರಣ ಹುಡುಕಿ ದೊಡ್ಡ ಸಿದ್ಧಾಂತ ಕಟ್ಟುತ್ತಾರೆ. ಸ್ವರ ಬರೆದುಕೊಳ್ಳುವಾಗ ಪರದೆ ಆರಿಸಿ, ಸರಿ. ಬಾರ್ ಗೆರೆ ಎಳೆಯುವಾಗ ಚಿತ್ರ ಇರಲೇಬೇಕು.

ತಾರಸ್ಥಾಯಿ

ಎಲ್ಲರಿಗೂ ಧನ್ಯವಾದ. ಡಿಸ್ಕ್ 25 ಫ್ರೇಮ್‌ನದೇ, 0.96ಕ್ಕೆ ಇಳಿಸಿದ ಮೇಲೆ ಆಲ್ಬಮ್ ಜೊತೆ ತಾಳೆಯಾಯಿತು. ಸೆಂಟರ್ ಮುಚ್ಚಿದ ಮೇಲೆ ಟ್ರೊಂಬೋನ್ ಸಾಲು ಸ್ಪಷ್ಟವಾಗಿದೆ, ಅದರಿಂದಲೇ ಹೊಸ ಪ್ರಶ್ನೆ. ಖಳನ ಕೋಟೆಯ ದೃಶ್ಯದಲ್ಲಿ ನಾಲ್ಕು ಸ್ವರ ಬರುತ್ತವೆ: ಎಫ್ ಇ ಎಫ್ ಡಿ. ನಾಯಕನ ಥೀಮಿನ ಮೂರನೇ ಬಾರ್‌ನಲ್ಲೂ −1, +1, −3 ಇದೇ ಜಿಗಿತ. ಇಬ್ಬರ ನಂಟನ್ನು ಸಂಗೀತ ಮೊದಲೇ ಹೇಳುತ್ತಿದೆ ಅನ್ನಬಹುದೇ?

ಹಾರ್ನ್ ಸಾಲು

ಅಷ್ಟಕ್ಕೇ ಅನ್ನಲಾಗದು. ಮೊದಲು ಆ ನಾಲ್ಕು ಸ್ವರ 'ಡೀಸ್ ಈರೇ' ಎಂಬ ಮಧ್ಯಯುಗದ ಲ್ಯಾಟಿನ್ ಶ್ರಾದ್ಧಗೀತೆಯ ತಲೆ. ಸಾವು, ಕೇಡು ಬಂದ ಕಡೆ ಅದನ್ನು ತರುವುದು 19ನೇ ಶತಮಾನದ ಫ್ರೆಂಚ್ ಸಂಯೋಜಕ ಬೆರ್ಲಿಯೋಜ್ ಕಾಲದಿಂದಲೂ ನಡೆದುಬಂದಿದೆ, ಚಿತ್ರಸಂಗೀತಕ್ಕೂ ಅಲ್ಲಿಂದಲೇ ಬಂತು. ಕೋಟೆಯ ದೃಶ್ಯದಲ್ಲಿ ಅದು ಸಮಸಮ ಉದ್ದದ ಸ್ವರಗಳಲ್ಲಿ, ಕೆಳಗಿನ ಬ್ರಾಸ್‌ನಲ್ಲಿ ಬಂದಿದ್ದರೆ ಎರವಲು ಎಂದೇ ಹಿಡಿಯಬಹುದು. ಮುಂದಿನ ನಾಲ್ಕು ಸ್ವರ ಇ ಸಿ ಡಿ ಡಿ ಆಗಿದ್ದರೆ ಸಂಶಯವೇ ಉಳಿಯದು.

ನಾಯಕನ ಥೀಮ್ ಬೇರೆ ಲೆಕ್ಕ. ಪಕ್ಕದ ಸ್ವರಕ್ಕೆ ಇಳಿದು ಮರಳಿ ಕೆಳಗೆ ಜಿಗಿಯುವ ಇಂಥ ಚಲನೆ ಸಾವಿರ ರಾಗಗಳಲ್ಲಿದೆ. ನಾಲ್ಕು ಸ್ವರದ ಹೋಲಿಕೆ ಒಂದನ್ನೇ ನಂಬಿದರೆ ಎಲ್ಲ ಥೀಮೂ ಎಲ್ಲ ಥೀಮಿಗೂ ನೆಂಟ. ಇವನ್ನು ಕೇಳಿ ನೋಡಿ: ಲಯದ ಅನುಪಾತವೂ ಒಂದೇ ಏನು? ಎರಡೂ ಕಡೆ ಮೊದಲ ಸ್ವರ ಬಾರ್‌ನ ಅದೇ ಬೀಟ್ ಮೇಲೆ ಬೀಳುತ್ತದೆಯೇ? ಆ ಸ್ವರ ಕೀಯಲ್ಲಿ ಅದೇ ಸ್ಥಾನದ್ದೇ, ಅಂದರೆ ಎರಡೂ ಕಡೆ ಗಾಂಧಾರವೋ, ಒಂದು ಕಡೆ ಗಾಂಧಾರ ಇನ್ನೊಂದು ಕಡೆ ಷಡ್ಜವೋ? ಕೆಳಗಿನ ಕಾರ್ಡ್ ಹೋಲುತ್ತದೆಯೇ? ಥೀಮಿನ ತಲೆಯಲ್ಲಿದೆಯೋ, ಹೊಟ್ಟೆಯಲ್ಲಿದೆಯೋ? ಜನ ನೆನಪಿಟ್ಟುಕೊಳ್ಳುವುದು ತಲೆಯನ್ನು. ಮೂರನೇ ಬಾರ್‌ನ ನಡುವೆ ಹುದುಗಿದ್ದನ್ನು ಗುರುತಾಗಿ ಬಳಸಬೇಕಾದರೆ ಸಂಯೋಜಕರು ಅದನ್ನು ಎಲ್ಲೋ ಒಂದು ಕಡೆ ಬಿಡಿಸಿ ಎತ್ತಿ ತೋರಿಸಿರಬೇಕು. ಹುಡುಕಬೇಕಾದ್ದು ಆ ನಡುವಿನ ರೂಪವನ್ನೇ, ನಾಯಕನ ಥೀಮಿನಿಂದ ಈ ನಾಲ್ಕು ಸ್ವರ ಕಳಚಿ ಕೋಟೆಯ ಕಡೆಗೆ ಸರಿಯುವ ಜಾಗ. 1999ರ 'ದಿ ಫ್ಯಾಂಟಮ್ ಮೆನೇಸ್'ನಲ್ಲಿ, ಮುಂದೆ ವೇಡರ್ ಆಗುವ ಹುಡುಗ ಆನಕಿನ್‌ನ ಥೀಮ್ ಕೊನೆಯಲ್ಲಿ ಇಂಪೀರಿಯಲ್ ಮಾರ್ಚಿನತ್ತ ಬಾಗುತ್ತದಲ್ಲ, ಅಲ್ಲಿ ಊಹೆಗೆ ಜಾಗವಿಲ್ಲ. ಜೋಡಣೆ ಕಿವಿಗೇ ಕೇಳುತ್ತದೆ. ನಿಮ್ಮ ಚಿತ್ರದಲ್ಲಿ ಅಂಥ ಜಾಗ ಸಿಗದಿದ್ದರೆ 'ಸ್ವರಹೋಲಿಕೆ ಇದೆ, ನಂಟಿಗೆ ಪುರಾವೆ ಇಲ್ಲ' ಎಂದು ಬರೆಯಿರಿ. ಹಾಗೆ ಬರೆಯುವುದು ಸೋಲಲ್ಲ.

ಕ್ಯೂಶೀಟ್

ಆ ನಡುವಿನ ರೂಪ ಹುಡುಕಲು ಸ್ಪ್ರೆಡ್‌ಶೀಟ್ ಬೇಕೇ ಬೇಕು. 135 ನಿಮಿಷವನ್ನು 10 ಸೆಕೆಂಡಿಗೆ ಒಂದು ಸಾಲಿನಂತೆ ಹಾಕಿದರೆ 810 ಸಾಲು. ಪ್ರತಿ ಥೀಮಿಗೆ ಒಂದು ಕಾಲಮ್: ಪೂರ್ತಿ ಬಂದರೆ 2, ತಲೆ ಅಥವಾ ತುಣುಕು ಬಂದರೆ 1, ಸಂಗೀತವಿದ್ದೂ ಆ ಥೀಮ್ ಇಲ್ಲದಿದ್ದರೆ 0, ಸಂಗೀತವೇ ಇಲ್ಲದಿದ್ದರೆ ಖಾಲಿ. ಸೊನ್ನೆಯನ್ನೂ ಖಾಲಿಯನ್ನೂ ಬೆರೆಸಬೇಡಿ. ನಾಯಕ ಪರದೆಯ ಮೇಲಿದ್ದು, ಆರ್ಕೆಸ್ಟ್ರಾ ನುಡಿಯುತ್ತಿದ್ದು, ಅವನ ಥೀಮ್ ಮಾತ್ರ ಬಾರದ ಜಾಗಗಳು ಎಷ್ಟೋ ಸಲ ಬಂದ ಜಾಗಗಳಿಗಿಂತ ಹೆಚ್ಚು ಹೇಳುತ್ತವೆ. ಬಣ್ಣ ತುಂಬಿ ದೂರದಿಂದ ನೋಡಿ. ನಾಯಕನ ಕಾಲಮ್‌ನಲ್ಲಿ 2ರಿಂದ 1ಕ್ಕೆ ಇಳಿಯುತ್ತಾ ಹೋಗುವ, ಪಕ್ಕದಲ್ಲೇ ಕೋಟೆಯ ಕಾಲಮ್ ಏರುವ ಪಟ್ಟೆ ಎಲ್ಲಾದರೂ ಕಂಡರೆ ಆ ಎರಡು ಮೂರು ನಿಮಿಷವನ್ನು ಮೊದಲು ಬರೆದುಕೊಳ್ಳಿ, ಅದೂ ಎಲ್ಲ ಸಾಲುಗಳೊಂದಿಗೆ, ವಯೋಲಾದ ಒಳಸಾಲನ್ನೂ ಬಿಡದೆ. ಕಳಚಿದ ತುಣುಕುಗಳನ್ನು ಅಡಗಿಸಿಡುವುದು ಸಾಮಾನ್ಯವಾಗಿ ಅಲ್ಲೇ.